ಯಾತಕ್ಕಾಗಿ ದುಡಿಯುತ್ತೇವೆ, ಯಾತಕ್ಕಾಗಿ ಕಲಿಯುತ್ತೇವೆ?



ಯೋಬನ ಗ್ರಂಥದ ಆರಂಭದಲ್ಲಿ ಸೈತಾನನು ದೇವರ ಸನ್ನಿಧಿಯಲ್ಲಿ ನಿಂತು ಒಂದು ಸಂದೇಹವನ್ನು ಎತ್ತುತ್ತಾನೆ. ಈ ಮನುಷ್ಯನು ಭಕ್ತನಾಗಿರುವದು ಬರಿದೇ ಅಲ್ಲ. ಕುರಿ, ಒಂಟೆ, ಎತ್ತುಗಳಿಂದ ಮನೆಯು ತುಂಬಿರುವದರಿಂದಲೇ ಭಕ್ತನು. ಅವುಗಳನ್ನು ತೆಗೆದುಬಿಟ್ಟರೆ ಭಕ್ತಿಯೂ ಹೋಗುವದು ಎಂಬದೇ ಅದರ ತಾತ್ಪರ್ಯವು. ಕೇಳಿದವನು ಸೈತಾನನಾದರೂ ದೇವರು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಮನುಷ್ಯನನ್ನು ಒಳಗಿನಿಂದ ನಡಿಸುವದು ಯಾವದೆಂದು ವಿಚಾರಿಸುವದು ಯೋಗ್ಯವೇ ಎಂದು ಇದರಿಂದ ತಿಳಿಯುತ್ತೇವೆ.

ನಮ್ಮ ಹಿರಿಯರೂ ಈ ಪ್ರಶ್ನೆಯನ್ನು ಕೇಳಿಸಿಕೊಂಡವರೇ. ಅವರು ದೀಕ್ಷಾಸ್ನಾನ ಹೊಂದಿದ ಕಾಲದಲ್ಲಿ, ಅಕ್ಕಿಯ ಆಶೆಗೆ ಹೋದರು, ಕೆಲಸದ ಆಶೆಗೆ ಹೋದರು ಎಂದು ನೆರೆಹೊರೆಯವರು ಹಾಸ್ಯಮಾಡಿದ್ದುಂಟು. ಜಾತಿಯಿಂದ ಹೊರಗಾದವರಿಗೆ ಕುಲಕಸಬು ತಪ್ಪಿಹೋಗುತ್ತಿದ್ದದರಿಂದಲೇ ಬಾಸೆಲ್ ಮಿಶನಿನವರು ನೇಯಿಗೆಯನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರೆಂಬದು ಹಾಸ್ಯಮಾಡಿದವರಿಗೆ ಬೇಕಾಗಿರಲಿಲ್ಲ. ಆದರೂ ಮುಚ್ಚುಮರೆಯೇಕೆ? ರೊಟ್ಟಿಗಾಗಿ ಬಂದವರೂ ಕೆಲವರಿದ್ದರು. ಗಲಿಲಾಯ ಸಮುದ್ರದ ಬಳಿಯಲ್ಲಿ ಐದು ಸಾವಿರ ಜನರು ಉಂಡ ಮರುದಿನ ಯೇಸು ಸ್ವಾಮಿಯನ್ನು ಹುಡುಕಿಕೊಂಡು ಬಂದವರಿಗೂ ರೊಟ್ಟಿಯ ನೆನಪೇ ಹೆಚ್ಚಾಗಿತ್ತು. ಆತನು ಅದನ್ನು ಅವರ ಮುಖದ ಮುಂದೆಯೇ ಹೇಳಿದನು. ಆದರೆ ಹಿಂದಿನ ದಿನ ಉಣಿಸುವಾಗ, ನೀವು ಯಾಕೆ ಬಂದಿರಿ ಎಂದು ವಿಚಾರಣೆ ಮಾಡಿ ಉಣಿಸಲಿಲ್ಲ.

ಈ ವಿಷಯವಾಗಿ ನಮ್ಮ ಕಣ್ಣು ತೆರೆದದ್ದು ನಮ್ಮದೇ ಒಂದು ತಪ್ಪಿನಿಂದ. ಒಂದು ಹಳ್ಳಿಯಲ್ಲಿ ಸಂಡೇಸ್ಕೂಲು ನಡಿಸುತ್ತಿದ್ದಾಗ, ಸತ್ಯವೇದದ ವಾಕ್ಯವನ್ನು ಬಾಯಿಪಾಠವಾಗಿ ಒಪ್ಪಿಸಿದ ಪ್ರತಿ ಮಗುವಿಗೆ ಬಣ್ಣದ ಚಿತ್ರದ ಕಾರ್ಡು ಒಂದನ್ನು ಕೊಡಲಾರಂಭಿಸಿದೆವು. ಅದಕ್ಕೆ ಮುಂಚೆ ಮಕ್ಕಳು ಕಥೆಗಾಗಿ ಬರುತ್ತಿದ್ದರು. ದಾವೀದನ ಕವಣೆಯ ಕಥೆಯನ್ನು ಮೂರು ಸಾರಿ ಹೇಳಿದರೂ ಅವರಿಗೆ ಸಾಲದು. ಕಾರ್ಡು ಬಂದ ಮೇಲೆ ಹಾಜರಿಯು ಏರಿತು, ವಾಕ್ಯಗಳು ಮಳೆಯಂತೆ ಸುರಿದವು, ನಾವು ಹಿಗ್ಗಿದೆವು. ಸತ್ಯವೇದದಲ್ಲಿ ಅತಿ ಚಿಕ್ಕದಾದ ವಾಕ್ಯವೊಂದನ್ನು ಒಂದೇ ದಿನ ಒಂಬತ್ತು ಮಕ್ಕಳು ಒಪ್ಪಿಸಿದಾಗಲಾದರೂ ನಮಗೆ ಬುದ್ಧಿ ಬರಬೇಕಾಗಿತ್ತು, ಬರಲಿಲ್ಲ. ಮಳೆಗಾಲದಲ್ಲಿ ಪಟ್ಟಣದಿಂದ ಕಾರ್ಡುಗಳ ಕಟ್ಟು ಬರುವದು ನಿಂತಿತು. ಮೊದಲನೆಯ ಆದಿತ್ಯವಾರ, "ಅಯ್ಯನವರೇ, ಚಿತ್ರ ಇಲ್ಲವೋ?" ಎಂದು ಕೇಳಿದರು. ಮೂರನೆಯ ಆದಿತ್ಯವಾರ ಅರ್ಧ ಚಾಪೆಯು ಬರಿದಾಗಿತ್ತು. ನಾವು ದಾವೀದನ ಕಥೆಯನ್ನು ತೆಗೆದರೆ, ಇದನ್ನು ಕೇಳಿದರೆ ಕಾರ್ಡು ಉಂಟೋ ಎಂದು ಒಬ್ಬ ಹುಡುಗನು ವಿಚಾರಿಸಿದನು.

ಇದು ಮಕ್ಕಳ ದೋಷವೆಂದು ಬಹುಕಾಲ ಎಣಿಸಿದ್ದೆವು. ಆಮೇಲೆ ಅಮೇರಿಕಾ ದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ನಡೆದ ಒಂದು ಪರೀಕ್ಷೆಯ ಸಂಗತಿಯನ್ನು ತಿಳಿದೆವು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಪಂಡಿತರು ಅದನ್ನು 1973ರಲ್ಲಿ ಪ್ರಕಟಿಸಿದರು. ಚಿತ್ರ ಬರೆಯುವದರಲ್ಲಿ ತಾವಾಗಿಯೇ ಪ್ರೀತಿಯುಳ್ಳ ಎಳೆಯ ಮಕ್ಕಳನ್ನು ಆರಿಸಿ ಅವರು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ಬಂಗಾರದ ಬಣ್ಣದ ಮುದ್ರೆಯುಳ್ಳ ಬಹುಮಾನಪತ್ರವನ್ನು ಕೊಡುತ್ತೇವೆಂದು ಒಂದು ಗುಂಪಿಗೆ ಮೊದಲೇ ಮಾತುಕೊಟ್ಟರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಮೇಲೆ ಮಕ್ಕಳು ಮನಸ್ಸು ಬಂದಂತೆ ಆಡುವ ಸಮಯದಲ್ಲಿ ಮರೆಯಿಂದ ನೋಡಲು, ಮಾತುಕೊಡಲ್ಪಟ್ಟಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಸಮಯದಲ್ಲಿ ಸುಮಾರು ಅರ್ಧವನ್ನು ಮಾತ್ರವೇ ಕೊಟ್ಟರು. ಆಟವಾಗಿದ್ದದ್ದು ಅವರಿಗೆ ಕೂಲಿಯ ಕೆಲಸವಾಗಿಹೋಗಿತ್ತು. ಆದರೆ ಕೇಳದೆ ಬಹುಮಾನ ಹೊಂದಿದವರಿಗೆ ಏನೂ ಕೆಡುಕಾಗಲಿಲ್ಲ. ಈ ಕಡೇ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ದೊಡ್ಡವರ ಸಂಗತಿಯೂ ಇದಕ್ಕೆ ದೂರವಲ್ಲ. ಇಂಗ್ಲೆಂಡಿನ ಸರಕಾರವು 1862ರಲ್ಲಿ, ಓದು, ಬರಹ, ಲೆಕ್ಕ ಈ ಮೂರರಲ್ಲಿ ಎಷ್ಟು ಮಕ್ಕಳು ತೇರ್ಗಡೆಯಾಗುವರೋ ಅದರ ಮೇಲೆ ಶಾಲೆಗೆ ಹಣ ಕೊಡುವ ಕಾಯಿದೆಯನ್ನು ತಂದಿತು. ಉಪಾಧ್ಯಾಯರು ಏನು ಮಾಡಿಯಾರು? ಪರೀಕ್ಷೆಗೆ ಬರುವ ಪುಸ್ತಕವನ್ನೇ ಮಕ್ಕಳಿಗೆ ಉರುಹೊಡಿಸಿದರು. ಶಾಲೆಗಳ ಇನ್‌ಸ್ಪೆಕ್ಟರನಾಗಿದ್ದ ಮ್ಯಾಥ್ಯೂ ಆರ್ನಲ್ಡ್ ಎಂಬ ಕವಿಯು, ಇದರಿಂದ ಕಲಿಸುವವರ ಜೀವಕಳೆಯೇ ಉಡುಗುತ್ತದೆಂದು ಸರಕಾರಕ್ಕೆ ಬರೆದನು. ಆದರೂ ಆ ಶತಮಾನದ ಕೊನೆಯ ದಶಕದ ವರೆಗೆ ಪದ್ಧತಿಯು ಪೂರ್ಣವಾಗಿ ಹೋಗಲಿಲ್ಲ.

ಇಲ್ಲಿ ನಮ್ಮ ಮಾತನ್ನು ಯಾರೂ ತಪ್ಪಾಗಿ ಹಿಡಿಯಬಾರದು. ನಮ್ಮಲ್ಲಿ ಹೊಲಗದ್ದೆಯುಳ್ಳವರೂ ಇದ್ದಾರೆ. ಪ್ರೀತಿಯಿಂದ ದುಡಿಯಿರಿ ಎಂದು ಆಳುಗಳಿಗೆ ಬೋಧಿಸಿ ಕೂಲಿಯನ್ನು ನಾಳೆಗೆ ಹಾಕುವವರನ್ನೂ ಕಂಡಿದ್ದೇವೆ. ದಿನಗೂಲಿಯು ಒಂದು ರಾತ್ರಿಯಾದರೂ ಯಜಮಾನನ ಬಳಿಯಲ್ಲಿ ಉಳಿಯಕೂಡದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. 1959ರಲ್ಲಿ ಹರ್ಜ್‌ಬರ್ಗ್ ಎಂಬವನೂ ಅವನ ಜತೆಯವರೂ ಅಮೇರಿಕಾದ ಪಿಟ್ಸ್‌ಬರ್ಗ್ ಸೀಮೆಯ ಸುಮಾರು 200 ಮಂದಿ ಇಂಜಿನಿಯರರನ್ನೂ ಲೆಕ್ಕಿಗರನ್ನೂ ವಿಚಾರಿಸಿ ಪ್ರಕಟಿಸಿದ್ದೂ ಇದಕ್ಕೆ ಸಮೀಪವಾಗಿದೆ. ಕೆಲಸದಲ್ಲಿ ಮನಸ್ಸು ಮುರಿದ ಸಮಯಗಳನ್ನು ಹೇಳುವಾಗ ಅವರು ಮೇಲಿನವರ ನಡತೆ, ಕಟ್ಟಳೆಗಳ ಅನ್ಯಾಯ, ಸಂಬಳ ಇವುಗಳನ್ನು ಎತ್ತಿದರು. ಮನಸ್ಸು ಅರಳಿದ ಸಮಯಗಳನ್ನು ಹೇಳುವಾಗ ಬಹಳವಾಗಿ ಕೆಲಸದ ರುಚಿ, ಸಾಧಿಸಿದ ತೃಪ್ತಿ, ತನ್ನ ಕೈಗೆ ಒಪ್ಪಿಸಲ್ಪಟ್ಟ ಜವಾಬ್ದಾರಿ ಇವುಗಳನ್ನೇ ಎತ್ತಿದರು. ಕೂಲಿಯನ್ನು ತಡೆದು ಉತ್ಸಾಹವನ್ನು ಕೊಲ್ಲಬಹುದು. ಕೂಲಿಯೊಂದರಿಂದಲೇ ಅದನ್ನು ಹುಟ್ಟಿಸುವದು ಕಷ್ಟ.

ಯಾಕೋಬನನ್ನು ನೋಡಿರಿ. ರಾಹೇಲಳಿಗೋಸ್ಕರ ಅವನು ಕುರಿ ಕಾಯ್ದ ಮೊದಲಿನ 7 ವರುಷಗಳು ಪ್ರೀತಿಯ ದೆಸೆಯಿಂದ ಅವನಿಗೆ ಕೆಲವೇ ದಿನಗಳಂತೆ ತೋರಿದವು. ಅದೇ ಮನುಷ್ಯನು 20 ವರುಷಗಳ ಕೊನೆಯಲ್ಲಿ ಲಾಬಾನನ ಮುಂದೆ ನಿಂತಾಗ, ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ಕಳಕೊಂಡ ನಿದ್ರೆಯನ್ನೂ ಒಂದೊಂದಾಗಿ ಎಣಿಸುತ್ತಾನೆ. ಕುರಿಗಳು ಅದೇ ತರದವು, ಅಡವಿಯೂ ಅದೇ. ನಡುವೆ ಆದದ್ದೇನಂದರೆ, ಯಜಮಾನನು ಮೋಸಮಾಡಿದನು, ಹತ್ತು ಸಾರಿ ಸಂಬಳವನ್ನು ಬದಲಿಸಿದನು. ನಮ್ಮ ಆಳು ಬಿಸಿಲನ್ನು ಎಣಿಸಲಾರಂಭಿಸಿದಾಗ ಅವನನ್ನು ಸೋಮಾರಿಯೆಂದು ಕರೆಯುವ ಮೊದಲು, ನಾವು ಅವನಿಗೆ ಲಾಬಾನರಾಗಲಿಲ್ಲವಷ್ಟೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವದು ಒಳ್ಳೇದು.

ದ್ರಾಕ್ಷೇತೋಟದ ಸಾಮ್ಯದಲ್ಲಿ ನಾವು ಬಹುಕಾಲ ಗಮನಿಸದೆ ಬಿಟ್ಟ ಒಂದು ಸಂಗತಿಯುಂಟು. ಬೆಳಿಗ್ಗೆ ಬಂದವರೊಡನೆ ಯಜಮಾನನು ದಿನಕ್ಕೆ ಇಷ್ಟೆಂದು ಒಪ್ಪಂದ ಮಾಡಿಕೊಂಡನು. ಆಮೇಲೆ ಬಂದವರು ಇಷ್ಟೆಂದು ಗೊತ್ತುಮಾಡಿಕೊಳ್ಳದೆ ಆತನ ನ್ಯಾಯವನ್ನು ನಂಬಿಯೇ ತೋಟಕ್ಕೆ ಇಳಿದರು. ಸಂಜೆಗೆ ಎಲ್ಲರಿಗೂ ಒಂದೇ ನಾಣ್ಯವು ಸಿಕ್ಕಿತು, ಗೊಣಗುಟ್ಟಿದವರು ಒಪ್ಪಂದದವರೇ. ಅವರಿಗೆ ಒಂದು ಕಾಸೂ ಕಡಿಮೆಯಾಗಲಿಲ್ಲ. ಆದರೆ ದಿನವೆಲ್ಲಾ ಅವರು ನೋಡುತ್ತಿದ್ದದ್ದು ದ್ರಾಕ್ಷೆಯನ್ನಲ್ಲ, ಯಜಮಾನನ ಮುಖವನ್ನೂ ಅಲ್ಲ, ಆ ನಾಣ್ಯವನ್ನೇ ಎಂದು ತೋರುತ್ತದೆ. ಸಾಯಂಕಾಲ ಬಂದವರಿಗೆ ಅದೇ ನಾಣ್ಯವು ಕೃಪೆಯಾಗಿ ಬಂತು.

ಆ ವರುಷ ಕಾರ್ಡುಗಳ ಕಟ್ಟು ಕ್ರಿಸ್ತಜಯಂತಿಯ ಹತ್ತಿರ ಬಂತು. ಯಾವ ವಾಕ್ಯವನ್ನೂ ಕೇಳದೆ, ಮೊದಲೇ ತಿಳಿಸದೆ, ಬಂದವರಿಗೂ ಬರದೆ ಉಳಿದವರಿಗೂ ಮನೆಮನೆಗೆ ಹೋಗಿ ಹಂಚಿಬಿಟ್ಟೆವು. ಅಂದಿನಿಂದ ಪಾಠ ಮುಗಿದ ಮೇಲೆ ಒಂದೇ ಕೆಲಸವನ್ನು ಒಪ್ಪಿಸುತ್ತಿದ್ದೆವು: ಈ ಕಥೆಯನ್ನು ಮನೆಯಲ್ಲಿ ಓದಬಾರದ ಒಬ್ಬರಿಗೆ ಹೇಳಿ ಬರಬೇಕು. ಚಾಪೆಯು ತುಂಬಲು ಬಹಳ ತಿಂಗಳು ಹಿಡಿಯಿತು. ಕೆಲವರು ತಿರಿಗಿ ಬರಲೇ ಇಲ್ಲ. ಒಂದು ಆದಿತ್ಯವಾರ, ಹಿಂದೆ ಕಾರ್ಡು ಉಂಟೋ ಎಂದು ಕೇಳಿದ ಆ ಹುಡುಗನೇ ಬಾಗಿಲಲ್ಲಿ ನಿಂತನು.

"ಅಯ್ಯನವರೇ, ದಾವೀದನು ಹಳ್ಳದಲ್ಲಿ ಐದು ಕಲ್ಲು ಆರಿಸಿಕೊಂಡನಲ್ಲಾ, ಹೊಡೆದದ್ದು ಒಂದೇ. ಮಿಕ್ಕ ನಾಲ್ಕು ಏನಾದವೆಂದು ಅಜ್ಜಿ ಕೇಳುತ್ತಾಳೆ."

ನಮಗೆ ಉತ್ತರ ತಿಳಿದಿರಲಿಲ್ಲ. ಒಳಗೆ ಬಾ, ಎಲ್ಲರೂ ಕೂಡಿ ನೋಡೋಣ ಎಂದು ಕರೆದು, ಸಮುವೇಲನ ಗ್ರಂಥವನ್ನು ತೆರೆದೆವು.