ಕಾಯಕದ ಹಕ್ಕು ಮತ್ತು ದಾಸೋಹದ ಪಂಕ್ತಿ

ದುಡಿಮೆಯನ್ನೇ ಪೂಜೆಯೆಂದು ಬಗೆದ ಶರಣಧರ್ಮದ ನೆಲದಲ್ಲಿ, ದುಡಿಯುವ ಜಾಗವನ್ನು ತಲುಪಲಾಗದ ಅಥವಾ ತಲುಪಿದರೂ ಅಲ್ಲಿ ಕೆಲಸ ಸಿಗದ ಮನುಷ್ಯನ ಪೂಜೆ ಯಾವುದು ಎಂಬ ಪ್ರಶ್ನೆಯನ್ನು ಧರ್ಮಚಿಂತನೆ ನೇರವಾಗಿ ಎದುರಿಸಿದ್ದು ಕಡಿಮೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಾಲವಾರ, ಅದರ ಆಚೀಚೆಯ ವಾಡಿ, ಶಹಾಬಾದ್, ಸೇಡಂ ಮತ್ತು ಚಿಂಚೋಳಿಗಳ ಸೀಮೆ ಈ ಪ್ರಶ್ನೆಯನ್ನು ಕೇಳಲು ತಕ್ಕ ನೆಲ. 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲಾಗುತ್ತಿರುವ ಈ ಭಾಗ 12ನೆಯ ಶತಮಾನದ ಶರಣರ ಕಲ್ಯಾಣವನ್ನು ತನ್ನ ಹೆಸರಿನಲ್ಲೇ ಹೊತ್ತಿದೆ. ಅದೇ ಹೊತ್ತಿಗೆ ಇಲ್ಲಿನ ಜನರ ಅನ್ನ ಹುಟ್ಟುವುದು ಫರ್ಸಿ ಕಲ್ಲಿನ ಗಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಮತ್ತು ತೊಗರಿಯ ಹೊಲಗಳಲ್ಲಿ, ಅಂದರೆ ಮೈಕಸುವನ್ನೇ ಮೊದಲು ಕೇಳುವ ಮತ್ತು ಎಷ್ಟೋ ಸಲ ಆ ಮೈಯನ್ನೇ ಊನಗೊಳಿಸುವ ದುಡಿಮೆಗಳಲ್ಲಿ.

ಅಂಗವೈಕಲ್ಯವನ್ನು ಅರ್ಥಮಾಡಿಕೊಳ್ಳಲು ಈ ಸೀಮೆಗೆ ಪರಂಪರೆಯಿಂದ ಬಂದ ವಿಚಾರಗಳು ಒಂದೇ ಬಗೆಯವಲ್ಲ. ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಾಣಿಸಿಕೊಂಡವು. ವಿದ್ವಾಂಸರು ಪ್ರತ್ಯೇಕ ಶಾಸನಗಳೆಂದು ಕರೆಯುವ ಬರಹಗಳೂ ಅವುಗಳಲ್ಲಿವೆ. ಪ್ರಜೆಗಳೆಲ್ಲರೂ ಅರಸನಿಗೆ ಮಕ್ಕಳಿದ್ದಂತೆ ಎಂಬುದು ಅವುಗಳ ತಿರುಳು. ಇದು ದಯೆಯ ಧರ್ಮ. ಅದರ ಹಿರಿಮೆ ದೊಡ್ಡದು, ಆದರೆ ಮಗುವೆಂದು ಕಾಣುವ ಪ್ರೀತಿಯು ಪ್ರಾಯಕ್ಕೆ ಬಂದವನನ್ನೂ ಮಗುವಾಗಿಯೇ ಉಳಿಸಿಬಿಡುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸೇಡಂ ತಾಲೂಕಿನ ಮಳಖೇಡದಲ್ಲಿ ಬೆಳೆದ ಜೈನ ಚಿಂತನೆಯದು ಇನ್ನೊಂದು ದಾರಿ. ಜೈನರು ಹೇಳುವ ಎಂಟು ಬಗೆಯ ಕರ್ಮಗಳಲ್ಲಿ ನಾಮಕರ್ಮವೆಂಬುದು ಜೀವಕ್ಕೆ ದೊರೆಯುವ ಶರೀರದ ಆಕಾರವನ್ನೂ ರಚನೆಯನ್ನೂ ನಿರ್ಧರಿಸುತ್ತದೆ. ಜನಸಾಮಾನ್ಯರ ಬಾಯಲ್ಲಿ ಇಂಥ ವಿಚಾರ ‘ಹಿಂದಿನ ಜನ್ಮದ ಪಾಪ’ ಎಂಬ ಮೂರು ಮಾತಿಗೆ ಇಳಿದು, ಕುಂಟುವ ಮಗುವಿನ ತಾಯಿಯನ್ನು ಮದುವೆ ಮುಂಜಿಗಳಲ್ಲಿ ಹಿಂದೆ ಸರಿಸುವ ಕ್ರೌರ್ಯಕ್ಕೆ ನೆಪವಾಗಿದೆ. ಮೂಲಸಿದ್ಧಾಂತವಾದರೋ ಶರೀರ ಹೇಗೇ ಇರಲಿ ಆತ್ಮವು ಸ್ವಭಾವತಃ ಅನಂತ ಜ್ಞಾನವುಳ್ಳದ್ದೆಂದು ಹೇಳುತ್ತದೆ; ಕರ್ಮವಿಚಾರವು ಸಾಧಕನು ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕೆ ಹುಟ್ಟಿದ್ದೇ ಹೊರತು ಎದುರುಮನೆಯವನ ಕಾಲನ್ನು ನೋಡಿ ಅವನ ಹಿಂದಿನ ಜನ್ಮಕ್ಕೆ ತೀರ್ಪು ಕೊಡುವುದಕ್ಕಲ್ಲ.

ಇವೆರಡರಿಂದಲೂ ಬೇರೆಯಾದ ತಿಳಿವಳಿಕೆಯೊಂದು ಕಳೆದ ಅರ್ಧ ಶತಮಾನದಲ್ಲಿ ರೂಪುಗೊಂಡಿತು. ದೇಹದಲ್ಲಿರುವ ಕೊರತೆ ಊನ ಮಾತ್ರ. ಆ ಊನಕ್ಕೆ ಮೆಟ್ಟಿಲು, ಮುದ್ರಿತ ಅಕ್ಷರ, ಜನರ ಮನೋಭಾವ ಮುಂತಾದ ಹೊರಗಿನ ತಡೆಗಳು ಎದುರಾದಾಗ ಅಂಗವೈಕಲ್ಯ ಉಂಟಾಗುತ್ತದೆ ಎಂಬುದು ಅದರ ಸಾರ. ವಿಶ್ವಸಂಸ್ಥೆ 2006ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಮತ್ತು ಭಾರತ 2007ರಲ್ಲಿ ಒಪ್ಪಿಕೊಂಡ ಒಡಂಬಡಿಕೆಯೂ, ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದನ್ನೇ ಆಧರಿಸಿವೆ. 1995ರ ಹಳೆಯ ಕಾಯ್ದೆಯಲ್ಲಿ ಏಳಿದ್ದ ವೈಕಲ್ಯದ ಬಗೆಗಳು ಹೊಸದರಲ್ಲಿ 21 ಆದವು, ಸರ್ಕಾರಿ ಹುದ್ದೆಗಳ ಮೀಸಲು ಶೇ. 4ಕ್ಕೆ ಏರಿತು. ಇವುಗಳಿಗಿಂತ ಆಳವಾದದ್ದು ಆ ಕಾಯ್ದೆ ತಂದ ಸಮಂಜಸ ಹೊಂದಾಣಿಕೆಯ ತತ್ತ್ವ: ಒಬ್ಬ ವ್ಯಕ್ತಿ ಇತರರಂತೆ ಪಾಲ್ಗೊಳ್ಳಲು ಬೇಕಾದ ಮಾರ್ಪಾಟನ್ನು, ಅದು ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಿರುವ ಮಟ್ಟಿಗೆ, ಮಾಡಿಕೊಡಲೇಬೇಕು, ಮಾಡದಿರುವುದೇ ತಾರತಮ್ಯ. ನಾಗರಿಕ ಸೇವಾ ಪರೀಕ್ಷೆಗೆ ಉತ್ತರ ಬರೆದುಕೊಡುವ ಲಿಪಿಕಾರನನ್ನು ಕೇಳಿದ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, ವೈಕಲ್ಯದ ಪ್ರಮಾಣ ಶೇ. 40 ಮುಟ್ಟಿಲ್ಲವೆಂಬ ಕಾರಣಕ್ಕೆ ಇಂಥ ಅನುಕೂಲವನ್ನು ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು.

ಈ ತತ್ತ್ವ ನಾಲವಾರದ ಕಡೆ ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿನ ಕಲ್ಲಿನಲ್ಲೇ ನೋಡಬಹುದು. ಶಹಾಬಾದ್ ಕಲ್ಲೆಂದು ದೇಶದಾದ್ಯಂತ ಮಾರಾಟವಾಗುವ ಸುಣ್ಣಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಕೆಲಸಗಾರ ತುದಿಗಾಲಲ್ಲಿ ಕುಕ್ಕರಿಸಿ, ಗೆರೆ ಹಿಡಿದು ಉಳಿ ಬಡಿಯುತ್ತ ಪದರವನ್ನು ಬಿಡಿಸಿ, ಹಾರೆಯಿಂದ ಮೀಟಿ ಚಪ್ಪಡಿಯನ್ನು ಎಬ್ಬಿಸುತ್ತಾನೆ. ಹೀಗೆ ಬಂದ ಚಪ್ಪಡಿಗಳಿಂದಲೇ ಈ ಭಾಗದ ಮನೆ, ಗುಡಿ, ಶಾಲೆ, ಕಚೇರಿಗಳ ನೆಲವೂ ಕಟ್ಟೆಯೂ ಮೆಟ್ಟಿಲೂ ಆಗುತ್ತವೆ. ಒಂದರ ಮೇಲೊಂದು ಪೇರಿಸಿದರೆ ಮೆಟ್ಟಿಲಾಗುವ ಅದೇ ಚಪ್ಪಡಿ ಓರೆಯಾಗಿ ಹಾಸಿದರೆ ಗಾಲಿಕುರ್ಚಿ ಏರುವ ದಾರಿಯಾಗುತ್ತದೆ. ಸರ್ಕಾರಿ ಮಾನದಂಡದ ಪ್ರಕಾರ ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಎಂದರೆ ಆರು ಇಂಚಿನ ಒಂದು ಮೆಟ್ಟಿಲಿಗೆ ಆರಡಿ. ಮೇಲ್ಮೈಗೆ ಪಾಲಿಶ್ ಹೊಡೆದಿದ್ದರೆ ಮಳೆಯಲ್ಲಿ ಊರುಗೋಲು ಜಾರುವುದರಿಂದ ಕಲ್ಲಿನ ಒರಟು ಮುಖವೇ ಒಳ್ಳೆಯದು. ಕಲ್ಲು ಇಲ್ಲಿಯದು, ಕೈ ಇಲ್ಲಿಯದು, ಖರ್ಚು ಅಲ್ಪ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿಯೇ ಉಳಿದರೆ ಅದಕ್ಕೆ ಬಡತನವನ್ನು ಹೊಣೆ ಮಾಡುವುದು ಕಷ್ಟ. ಆ ಕಚೇರಿಗೆ, ಆ ಗುಡಿಗೆ ಯಾರು ಬರುತ್ತಾರೆಂದು ಕಟ್ಟಿಸಿದವರು ಎಣಿಸಿದ್ದರು ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಮಠಗಳ ಮಾತು ಇಲ್ಲಿ ಅನಿವಾರ್ಯ. ತನಾರತಿಯೆಂಬ ದೀಪಸೇವೆಗೆ ಹೆಸರಾದ ನಾಲವಾರದ ಕೋರಿಸಿದ್ಧೇಶ್ವರ ಮಠವೂ ಸೇರಿದಂತೆ ಈ ಸೀಮೆಯ ಮಠಗಳ ಜಾತ್ರೆಗಳಲ್ಲಿ ದಾಸೋಹ, ಅಂದರೆ ಬಂದವರೆಲ್ಲರಿಗೂ ಅನ್ನವಿಡುವ ಸೇವೆ, ಇಂದಿಗೂ ಜೀವಂತವಾಗಿದೆ, ಮತ್ತು ಆ ಪಂಕ್ತಿಯಲ್ಲಿ ಅಂಗವಿಕಲರಿಗೆ ಎಲೆ ಇಲ್ಲವೆನ್ನುವವರು ಯಾರೂ ಇಲ್ಲ. ಆದರೆ ಶರಣರ ಚಿಂತನೆಯಲ್ಲಿ ದಾಸೋಹವು ಉಣ್ಣುವುದಕ್ಕಿಂತ ಮೊದಲು ಕೊಡುವ ಕ್ರಿಯೆ, ಕಾಯಕದಿಂದ ಗಳಿಸಿದ್ದನ್ನು ಸಮಾಜಕ್ಕೆ ಒಪ್ಪಿಸುವ ಕ್ರಿಯೆ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಘನತೆ ಆಕೆ ಕೊಡಬಲ್ಲವಳು, ಬೇಡವೆನ್ನಬಲ್ಲವಳು ಎಂಬುದರಲ್ಲಿದೆ. ಒಬ್ಬ ಮನುಷ್ಯನಿಗೆ ಪ್ರತಿದಿನ ಉಣಬಡಿಸಿ, ಅವನು ಗಳಿಸಿ ಬಡಿಸುವ ದಿನ ಬರದಂತೆ ನೋಡಿಕೊಳ್ಳುವ ಸಮಾಜ ಅವನನ್ನು ದಾಸೋಹಕ್ಕೆ ಸೇರಿಸಿಕೊಂಡಿಲ್ಲ, ದಾಸೋಹದಿಂದ ಹೊರಗಿಟ್ಟಿದೆ. ಮಾಸಾಶನದ ವಿಷಯದಲ್ಲೂ ಇದೇ ಮಾತು: ಅದು ಬೇಕು, ಈಗಿನದಕ್ಕಿಂತ ಹೆಚ್ಚೇ ಬೇಕು, ಆದರೆ ಕೆಲಸದ ಬದಲಿಗೆ ಕೊಟ್ಟು ಮುಗಿಸುವ ಪರಿಹಾರವಾಗಿ ಅಲ್ಲ.

ದೇಹವನ್ನು ದೇಗುಲವಾಗಿಯೂ ಕಾಲುಗಳನ್ನು ಅದರ ಕಂಬಗಳಾಗಿಯೂ ಕಂಡ ಬಸವಣ್ಣನವರ ಪ್ರಸಿದ್ಧ ವಚನವನ್ನು ಕೇಳಿದ ಊರುಗೋಲಿನ ಮನುಷ್ಯನೊಬ್ಬ ತನ್ನ ದೇಗುಲ ಮುರಿದದ್ದೇ ಎಂದು ಕೇಳಬಹುದು, ಮತ್ತು ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ವಚನ ಹುಟ್ಟಿದ್ದು ಗುಡಿ ಕಟ್ಟಿಸಬಲ್ಲ ಉಳ್ಳವರ ಎದುರು ಬಡವನ ಮೈಯನ್ನು ನಿಲ್ಲಿಸುವುದಕ್ಕೆ. ದೇವರ ಬಳಿಗೆ ಬರಲು ಇಂಥದ್ದು ಇರಲೇಬೇಕೆಂಬ ಷರತ್ತನ್ನು ಅಳಿಸಲು ಹೊರಟ ಮಾತಿನಿಂದ ಗಟ್ಟಿ ಕಾಲೆಂಬ ಹೊಸ ಷರತ್ತನ್ನು ಹೊರಡಿಸುವುದು ಅದರ ದಿಕ್ಕಿಗೆ ವಿರುದ್ಧ. ಅಂಗೈಯಲ್ಲಿ ಹಿಡಿದು ಪೂಜಿಸುವ ಇಷ್ಟಲಿಂಗವು ಗುಡಿಯ ಮೆಟ್ಟಿಲೇರಲಾಗದವರಿಗೆ ದೇವರನ್ನು ಅವರಿದ್ದಲ್ಲಿಗೇ ತಂದುಕೊಟ್ಟಿತು ಎಂಬುದನ್ನು ವಚನಗಳ ವ್ಯಾಖ್ಯಾನಕಾರರು ಇನ್ನಷ್ಟು ಗಮನಿಸಬೇಕಿತ್ತು. ಪೂಜೆಯನ್ನು ಹೀಗೆ ಎಲ್ಲರ ಕೈಗೆಟುಕಿಸಿದ ಧರ್ಮವು ಕಾಯಕವನ್ನೂ ಪೂಜೆಯೆಂದು ಕರೆದ ಮೇಲೆ, ಕಾಯಕದ ಜಾಗವನ್ನು ಎಲ್ಲರ ಕೈಗೆಟುಕಿಸುವ ಕರ್ತವ್ಯ ಅದರೊಳಗಿನಿಂದಲೇ ಹುಟ್ಟುತ್ತದೆ. ಅದನ್ನು ಹೊರಗಿನ ಕಾನೂನು ಹೇರಬೇಕಾಗಿಲ್ಲ.

ಇದು ಬರಿಯ ತರ್ಕವಲ್ಲ ಎಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಸಾಕ್ಷಿ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಅಂಧ ಮಕ್ಕಳಿಗೆ ಅನ್ನ ಹಾಕುವವರು ಯಾರು ಎಂಬಲ್ಲಿಗೇ ನಿಲ್ಲದೆ, ಅವರು ಯಾವ ವಿದ್ಯೆ ಕಲಿತು ಬದುಕಬೇಕು ಎಂದು ಯೋಚಿಸಿದ ಈ ಗುರುಗಳು ಸಂಗೀತ ಕಲಿಸಿದರು, ನಾಟಕ ಕಂಪನಿ ಕಟ್ಟಿ ಅದರ ಗಳಿಕೆಯನ್ನು ಆಶ್ರಮಕ್ಕೆ ತಂದರು. ಗುರು ಹಾಡಿದ್ದನ್ನು ಶಿಷ್ಯ ಕೇಳಿ ಹಾಡುವ ಕ್ರಮದಲ್ಲಿ ಕಣ್ಣಿನ ಅಗತ್ಯವೇ ಬೀಳದ್ದರಿಂದ ಅಲ್ಲಿ ಊನವಿದ್ದರೂ ವೈಕಲ್ಯವಿರಲಿಲ್ಲ. ಇಷ್ಟಾದರೂ ಅಂಧರೆಂದರೆ ಹಾಡುಗಾರರು ಎಂಬ ನಂಬಿಕೆ ಗಟ್ಟಿಯಾದರೆ ಅದೂ ಒಂದು ಬೇಲಿಯೇ. ಹುಟ್ಟಿನಿಂದ ಕಸುಬನ್ನು ನಿಗದಿಮಾಡುವುದನ್ನು ಒಪ್ಪದ ಶರಣರ ವಾರಸುದಾರರು ಊನದಿಂದ ಕಸುಬನ್ನು ನಿಗದಿಮಾಡುವುದನ್ನೂ ಒಪ್ಪಬಾರದು.

ಕಾಯಕಸಿದ್ಧಾಂತದ ವಿರುದ್ಧ ಎತ್ತಬಹುದಾದ ಅತ್ಯಂತ ಗಂಭೀರ ಆಕ್ಷೇಪ ಇನ್ನೂ ಉಳಿದಿದೆ. ಯಾವ ಹೊಂದಾಣಿಕೆ ಮಾಡಿದರೂ ದುಡಿಯಲಾಗದ, ತುತ್ತನ್ನೂ ಇನ್ನೊಬ್ಬರ ಕೈಯಿಂದ ಪಡೆಯಬೇಕಾದ ಮನುಷ್ಯರಿದ್ದಾರೆ; ಬೆಲೆಯನ್ನು ದುಡಿಮೆಯಿಂದ ಅಳೆದರೆ ಅವರ ಬೆಲೆ ಸೊನ್ನೆಯಾಗುತ್ತದೆ. ಗಾಯಗೊಂಡ ಕಾರ್ಮಿಕರ ಪರಿಹಾರಕ್ಕೆಂದು 1923ರಲ್ಲಿ ಬಂದ ಕಾಯ್ದೆ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ನಷ್ಟವೆಂದು ಪಟ್ಟಿ ಮಾಡಿತು. ಪರಿಹಾರ ನಿಗದಿಮಾಡಲು ಇಂಥ ಪಟ್ಟಿ ಬೇಕಾಗಬಹುದು, ಆದರೆ ಮನುಷ್ಯನನ್ನು ಅಳೆಯುವ ಪಟ್ಟಿಯಾಗಿ ಅದು ಧರ್ಮದೊಳಗೆ ನುಸುಳಬಾರದು. ಶರಣರು ಕಾಯಕದಲ್ಲಿ ಮೇಲುಕೀಳನ್ನು ನಿರಾಕರಿಸಿದ್ದು ಫಲದ ಗಾತ್ರವನ್ನು ನೋಡಿ ಅಲ್ಲ, ಚಿತ್ತಶುದ್ಧಿಯನ್ನು ನೋಡಿ. ಹಾಗಿರುವಾಗ ಫಲವೇ ಇಲ್ಲದವನ ಬದುಕನ್ನು ಕೀಳೆನ್ನಲು ಆ ಸಿದ್ಧಾಂತದಲ್ಲಿ ಎಡೆಯಿಲ್ಲ. ಅಂಥವನ ಆರೈಕೆ ಮಾಡುವ ತಾಯಿಯ, ಅಕ್ಕನ, ಹೆಂಡತಿಯ ದಿನವಿಡೀ ನಡೆಯುವ ದುಡಿತವನ್ನು ಕಾಯಕವೆಂದು ಸಮಾಜ ಎಣಿಸಿದೆಯೇ ಎಂಬುದು ಇದರ ಜೊತೆಗೇ ಕೇಳಬೇಕಾದ ಪ್ರಶ್ನೆ, ಮತ್ತು ಸದ್ಯದ ಉತ್ತರ ಇಲ್ಲವೆಂದೇ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯಲಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾವೇ ಅಂಗವಿಕಲರಾಗಿದ್ದು, ಪ್ರಮಾಣಪತ್ರ, ಗುರುತಿನ ಚೀಟಿ, ಮಾಸಾಶನದ ಅರ್ಜಿ, ಉದ್ಯೋಗ ಖಾತ್ರಿಯ ಕೆಲಸ ಇವುಗಳಿಗಾಗಿ ಊರಿನ ಇತರ ಅಂಗವಿಕಲರ ಮನೆಬಾಗಿಲಿಗೆ ಹೋಗುವವರು ಅವರು. ಬೇಡುವ ಸ್ಥಾನದಿಂದ ಕೊಡುವ ಸ್ಥಾನಕ್ಕೆ ದಾಟಿದ ಇವರಿಗೆ ಸಂಬಳದ ಬದಲು ಗೌರವಧನವೇ ಸಿಗುತ್ತದೆ. ಇವರ ಸೇವೆಯನ್ನು ನೌಕರಿಯೆಂದು ಒಪ್ಪಿಕೊಳ್ಳುವುದು ಸರ್ಕಾರದ ಕೆಲಸ. ಜಾತ್ರೆಯ ವ್ಯವಸ್ಥೆ ನೋಡಿಕೊಳ್ಳುವ ಸಮಿತಿಗಳಲ್ಲಿ ಇಂಥವರಿಗೆ ಜಾಗ ಕೊಟ್ಟು, ದರ್ಶನದ ದಾರಿ, ಶೌಚಾಲಯ, ಪ್ರಸಾದದ ಪಂಕ್ತಿ ಹೇಗಿರಬೇಕೆಂದು ಅವರನ್ನೇ ಕೇಳುವುದು ಮಠಗಳ ಮತ್ತು ಊರಿನ ಹಿರಿಯರ ಕೆಲಸ, ಅದಕ್ಕೆ ಯಾವ ಆದೇಶವೂ ಬರಬೇಕಾಗಿಲ್ಲ.