ಇಂದಿನ ಚಿಂತನೆ: ಕಾವು ಮತ್ತು ಕಾವಲು



ಓವನ್ನಿನ ಗುಂಡಿಯ ಮೇಲಿನ 180 ಡಿಗ್ರಿ ನಮ್ಮ ಅಪೇಕ್ಷೆ, ಒಳಗಿನ ಕಾವಲ್ಲ. ನಮ್ಮ ಮನೆಯಲ್ಲಿ ಕೇಕಿನ ನಡುಭಾಗ ಹಸಿಯಾಗಿಯೇ ಉಳಿಯುತ್ತಿತ್ತು. ಒಳಗೆ ಥರ್ಮಾಮೀಟರ್ ಇಟ್ಟೆ. 20 ನಿಮಿಷ ಕಾಯಿಸಿದರೂ 150. ಕಾಯಿಲ್ ಚೆನ್ನಾಗಿಯೇ ಕೆಂಪಾಗುತ್ತಿತ್ತು; ಬಾಗಿಲಿನ ಅಂಚಿನ ರಬ್ಬರ್ ಹರಿದು ಬಿಸಿ ಸೋರುತ್ತಿತ್ತು.

‘ದಿನವೂ ಅರ್ಧ ಗಂಟೆ ಧ್ಯಾನ ಮಾಡುತ್ತೇನೆ, ಮಕ್ಕಳ ಮೇಲೆ ರೇಗುವುದು ನಿಂತಿಲ್ಲ’ ಎನ್ನುವವರು ನಮ್ಮಲ್ಲಿದ್ದಾರೆ. ಅರ್ಧ ಗಂಟೆ ಎಂಬುದು ಗುಂಡಿಯ ಮೇಲಿನ ಅಂಕಿ. ಒಳಗೆ ಎಷ್ಟು ಸಮಾಧಾನವಿದೆ ಎಂದು ತಿಳಿಯುವುದು ಮಗು ಹಾಲು ಚೆಲ್ಲಿದಾಗ.

ಕಣ್ಣು, ಕಿವಿ, ಮೂಗು, ನಾಲಿಗೆ, ದೇಹ, ಮನಸ್ಸು: ಈ ಆರು ಬಾಗಿಲುಗಳಿಗೂ ಕಾವಲಿರಲಿ ಎಂದರು ಭಗವಾನ್ ಬುದ್ಧರು. ಧ್ಯಾನದಿಂದ ಎದ್ದೊಡನೆ ಮೊಬೈಲಿಗೆ ಕೈ ಹಾಕಿದರೆ ಕೂಡಿಟ್ಟ ಸಮಾಧಾನ ಉಳಿದೀತೇ?

ಇನ್ನೂ ಹೆಚ್ಚು ಹೊತ್ತು ಕೂರುವ ಮೊದಲು, ಯಾವ ಬಾಗಿಲಲ್ಲಿ ಸೋರುತ್ತಿದೆ ಎಂದು ಇಂದು ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ 🙏