ಅವಳು ಹೇಳೋದು ಬಿಟ್ಟರೆ?

ಚರ್ಚಿನಿಂದ ಬರುವಾಗ ಹೆಂಡತಿ ಮೆಲ್ಲಗೆ ಅಂದಳು: ‘ಎಲ್ಲರ ಮುಂದೆ ಮಗನನ್ನ ಹಾಗೆ ಗದರಬಾರದಿತ್ತು ರೀ.’

‘ನೀನೇನು ನನಗೆ ಹೇಳಿಕೊಡೋದು?’ ಅಂದುಬಿಟ್ಟೆ. ಅವಳು ಸುಮ್ಮನಾದಳು. ಗೆದ್ದೆ ಅಂದುಕೊಂಡೆ.

ರಾತ್ರಿ 1 ಸಮುವೇಲ 25 ಓದಿದೆ. ನಾಬಾಲನ ಹತ್ತಿರ ಮಾತಾಡೋ ಹಾಗೇ ಇಲ್ಲ ಅಂತ ಅವನ ಆಳೊಬ್ಬನೇ ಹೇಳುತ್ತಾನೆ. ಹೆಂಡತಿ ಅಬೀಗೈಲಳೂ ಅವನಿಗೆ ತಿಳಿಸದೆಯೇ ಹೊರಟಳು. ಅವನ ಮನೆಯ ಮೇಲೆ 400 ಜನರೊಂದಿಗೆ ಕತ್ತಿ ಕಟ್ಟಿ ಬರುತ್ತಿದ್ದ ದಾವೀದನಾದರೋ ಅವಳ ಮಾತಿಗೆ ನಿಂತ. ರಕ್ತಪಾತ ತಪ್ಪಿಸಿದಳೆಂದು ಅವಳನ್ನು ಹರಸಿದ.

ಎಫೆಸ 5ರಲ್ಲಿ ನಮ್ಮಂಥ ಗಂಡಂದಿರಿಗೆ ಬಾಯಿಪಾಠವಾಗಿರೋದು 22ನೇ ವಚನ. ಒಬ್ಬರಿಗೊಬ್ಬರು ತಗ್ಗಬೇಕೆನ್ನುವ 21 ಅದಕ್ಕೂ ಮೊದಲೇ ಇದೆ.

ನನ್ನ ಮನೆಯ ಮೌನವೂ ನಾಬಾಲನ ಮನೆಯ ಮೌನವೇ ಅನ್ನಿಸಿ ಹೆದರಿಕೆಯಾಯ್ತು. ಬೆಳಿಗ್ಗೆ ಮಗನ ಹತ್ತಿರ ಕ್ಷಮೆ ಕೇಳಿದೆ. ಅವಳಿಗೆ, ‘ಇನ್ಮೇಲೂ ಹೇಳ್ತಿರು’ ಅಂದೆ.